ಸಹಾಯಕ ತರಬೇತುದಾರ: ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂಗಳದಿಂದ ಆರಂಭವಾಗುವ ಒಂದು ವೃತ್ತಿ



ಬ್ಯಾಸ್ಕೆಟ್‌ಬಾಲ್ ಪಂದ್ಯ ಆರಂಭವಾಗುವುದಕ್ಕೆ ಕನಿಷ್ಠ 40 ನಿಮಿಷ ಮೊದಲು ಪ್ರತಿಯೊಂದು ತಂಡವೂ ತನ್ನ ಆಟಗಾರರ ಹೆಸರು ಮತ್ತು ಸಂಖ್ಯೆಗಳನ್ನು ಅಂಕಲೇಖಕರಿಗೆ ಒಪ್ಪಿಸಬೇಕು ಎಂಬುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ, ಅಂದರೆ ಫಿಬಾ ಸಂಸ್ಥೆಯ, ನಿಯಮ. ಆ ಪಟ್ಟಿಯ ಕೊನೆಯಲ್ಲಿ ಎರಡು ಸಾಲುಗಳಿರುತ್ತವೆ. ಒಂದು ಮುಖ್ಯ ತರಬೇತುದಾರರಿಗೆ, ಇನ್ನೊಂದು ಪ್ರಥಮ ಸಹಾಯಕ ತರಬೇತುದಾರರಿಗೆ. ನಮ್ಮ ದೇಶದ ಅಂತರ ಕಾಲೇಜು ಪಂದ್ಯಗಳಲ್ಲಿ ಈ ಎರಡನೆಯ ಸಾಲು ಬಹುಮಟ್ಟಿಗೆ ಖಾಲಿಯಾಗಿಯೇ ಉಳಿಯುತ್ತದೆ. ಆ ಸಾಲಿನಲ್ಲಿ ಬರೆಯಬೇಕಾದ ವ್ಯಕ್ತಿಯೇ ಇಲ್ಲವೆಂದು ಇದರ ಅರ್ಥವಲ್ಲ. ಚೆಂಡುಗಳ ಚೀಲ ಹೊತ್ತು ಬಂದವನು, ಆಟಗಾರರ ಕಾಲಿಗೆ ಪಟ್ಟಿ ಸುತ್ತಿದವನು, ಎದುರಾಳಿ ತಂಡದ ಹಿಂದಿನ ಪಂದ್ಯವನ್ನು ಕುಳಿತು ನೋಡಿ ಟಿಪ್ಪಣಿ ಬರೆದುಕೊಂಡವನು ಅಲ್ಲೇ ಬೆಂಚಿನ ತುದಿಯಲ್ಲಿ ಕುಳಿತಿರುತ್ತಾನೆ. ಅವನಿಗೆ ಹುದ್ದೆಯ ಹೆಸರಿಲ್ಲ, ಅಷ್ಟೆ.

ಈ ಸಾಲು ಕೇವಲ ಅಲಂಕಾರಕ್ಕಾಗಿ ಇರುವಂಥದಲ್ಲ. ಪಂದ್ಯದ ನಡುವೆ ಟೈಮ್‌ಔಟ್ ಕೇಳುವ ಹಕ್ಕು ಮುಖ್ಯ ತರಬೇತುದಾರರನ್ನು ಬಿಟ್ಟರೆ ಪ್ರಥಮ ಸಹಾಯಕರಿಗೆ ಮಾತ್ರ ಉಂಟು. ಮುಖ್ಯ ತರಬೇತುದಾರರು ಅಸ್ವಸ್ಥರಾದರೆ ಅಥವಾ ಅಂಗಳದಿಂದ ಹೊರಹಾಕಲ್ಪಟ್ಟರೆ ತಂಡದ ಹೊಣೆ ಅವರದಾಗುತ್ತದೆ. ಆ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದ ಪಕ್ಷದಲ್ಲಿ ತಂಡದ ನಾಯಕನೇ ಆಡುತ್ತಾ ತರಬೇತುದಾರನ ಕೆಲಸವನ್ನೂ ಮಾಡಬೇಕಾಗುತ್ತದೆ. ಬೆವರು ಸುರಿಸುತ್ತಾ ಓಡುತ್ತಿರುವ ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬ ಐದು ಜನರ ಫೌಲ್‌ಗಳ ಲೆಕ್ಕ, ಉಳಿದಿರುವ ಟೈಮ್‌ಔಟ್‌ಗಳ ಲೆಕ್ಕ, ಎದುರಾಳಿಯ ತಂತ್ರ ಇವೆಲ್ಲವನ್ನೂ ಒಬ್ಬನೇ ನೋಡಿಕೊಳ್ಳುವ ದೃಶ್ಯ ನಮ್ಮ ಕಾಲೇಜು ಅಂಗಳಗಳಲ್ಲಿ ಅಪರೂಪವೇನಲ್ಲ.

ಸೂರತ್ ನಗರದ ಕತಾರ್‌ಗಾಮ್ ಬಡಾವಣೆಯ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ತಾಪಿ ನದಿಗೆ ಸಮೀಪದಲ್ಲಿರುವ ಈ ಪ್ರದೇಶ ವಜ್ರ ಉಜ್ಜುವ ಕಾರ್ಖಾನೆಗಳಿಗೂ ಕೈಗಾರಿಕಾ ವಸಾಹತಿಗೂ ಹೆಸರಾದದ್ದು. ಸೌರಾಷ್ಟ್ರದಿಂದ ಬಂದು ನೆಲೆಸಿದ ಸಾವಿರಾರು ಕುಟುಂಬಗಳು ಇಲ್ಲಿ ಈ ಕಸುಬಿನಿಂದಲೇ ಜೀವನ ಸಾಗಿಸುತ್ತಿವೆ. ವಜ್ರ ಉಜ್ಜುವ ಕುಶಲಕರ್ಮಿಯನ್ನು ಅಲ್ಲಿ ‘ರತ್ನಕಲಾಕಾರ’ ಎಂದು ಕರೆಯುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ‘ಘಂಟಿ’ ಎಂಬ ಉಜ್ಜುವ ಚಕ್ರದ ಬಳಿ ಅನುಭವಿಯೊಬ್ಬನ ಪಕ್ಕದಲ್ಲಿ ಕುಳಿತು, ಅವನ ಕೈಯನ್ನು ನೋಡಿ ನೋಡಿ ಕಲಿಯುತ್ತಾನೆ. ಪುಸ್ತಕದಿಂದ ಬಾರದ ವಿದ್ಯೆ ಅದು. ಕಲ್ಲಿನ ಯಾವ ಮುಖವನ್ನು ಎಷ್ಟು ಉಜ್ಜಬೇಕು ಎಂಬುದು ಕಣ್ಣಿಗೂ ಬೆರಳಿಗೂ ಅಭ್ಯಾಸವಾಗಬೇಕು. ಆದರೆ ಕಲಿಯುವ ಕಾಲದಲ್ಲಿಯೂ ಅವನಿಗೆ ಘಂಟಿಯ ಬಳಿ ಒಂದು ಜಾಗ ಇರುತ್ತದೆ. ಮುಂದೆ ತಾನೂ ಕಲಾಕಾರನಾಗುವೆನೆಂಬ ಭರವಸೆ ಇರುತ್ತದೆ.

ಅದೇ ಬಡಾವಣೆಯ ಯುವಕ ಕಾಲೇಜು ಸೇರಿ, ಬ್ಯಾಸ್ಕೆಟ್‌ಬಾಲ್ ಆಡಿ, ವೀರ ನರ್ಮದ ದಕ್ಷಿಣ ಗುಜರಾತ್ ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗಿ, ಪಶ್ಚಿಮ ವಲಯದ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಯವರೆಗೆ ಹೋಗಿ ಬಂದನೆನ್ನೋಣ. ಪದವಿ ಮುಗಿಯುತ್ತದೆ. ಆಟ ಬಿಡಲು ಮನಸ್ಸಿಲ್ಲ. ಕಾಲೇಜಿನ ದೈಹಿಕ ಶಿಕ್ಷಣ ಬೋಧಕರು, ‘ಸಂಜೆ ಬಂದು ಹುಡುಗರಿಗೆ ಸ್ವಲ್ಪ ಹೇಳಿಕೊಡಪ್ಪ’ ಎನ್ನುತ್ತಾರೆ. ಅವನು ಹೋಗುತ್ತಾನೆ. ಹೀಗೆ ಯಾವ ಆದೇಶವೂ ಇಲ್ಲದೆ, ಯಾವ ಸಂಬಳವೂ ಇಲ್ಲದೆ ಒಬ್ಬ ಸಹಾಯಕ ತರಬೇತುದಾರ ಹುಟ್ಟಿಕೊಳ್ಳುತ್ತಾನೆ. ಸೂರತ್‌ನಲ್ಲಿ ನಡೆಯುವುದೇ ದಾವಣಗೆರೆಯಲ್ಲಿಯೂ ಧಾರವಾಡದಲ್ಲಿಯೂ ನಡೆಯುತ್ತದೆ. ಇಲ್ಲಿಂದ ಮುಂದೆ ಅವನ ದಾರಿ ಯಾವುದು, ಅದು ಎಲ್ಲೆಲ್ಲಿ ಕಡಿದುಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅವನಿಗೂ ಅವನ ತಂದೆ ತಾಯಿಗಳಿಗೂ ಅಗತ್ಯ.

ಹಿರಿಯನ ಪಕ್ಕದಲ್ಲಿದ್ದು ಕಲಿಯುವ ಪದ್ಧತಿ ಭಾರತೀಯರಿಗೆ ಹೊಸದಲ್ಲ. ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಉಸ್ತಾದರ ಕೆಳಗೆ ಹಿರಿಯ ಶಿಷ್ಯನೊಬ್ಬ ಕಿರಿಯ ಪೈಲ್ವಾನರಿಗೆ ಪಟ್ಟುಗಳನ್ನು ಹೇಳಿಕೊಡುತ್ತಿದ್ದ. ಉಸ್ತಾದರ ಕಾಲಾನಂತರ ಗರಡಿ ಅವನ ಕೈಗೆ ಬರುತ್ತಿತ್ತು. ಗುಜರಾತಿನಲ್ಲಿಯೂ ವಡೋದರಾದ ಜುಮ್ಮಾದಾದಾ ವ್ಯಾಯಾಮ ಮಂದಿರವು ಪ್ರೊ. ಮಾಣಿಕರಾವ್ ಅವರ ಕಾಲದಲ್ಲಿ ಇಂಥ ಪರಂಪರೆಗೆ ಪ್ರಸಿದ್ಧವಾಗಿತ್ತು. ಬ್ಯಾಸ್ಕೆಟ್‌ಬಾಲ್ ಮಾತ್ರ ಹೊರಗಿನಿಂದ ಬಂದ ಆಟ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಡಾ. ಜೇಮ್ಸ್ ನೈಸ್ಮಿತ್ ಎಂಬ ಬೋಧಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಇದನ್ನು ಆರಂಭಿಸಿದರು. ಅದೇ ಸಂಸ್ಥೆಯ ಮೂಲಕ ಆಟ ಭಾರತಕ್ಕೂ ಬಂದಿತು. ಶ್ರೀ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ದಕ್ಷಿಣ ಭಾರತದ ಅನೇಕ ತಲೆಮಾರುಗಳ ದೈಹಿಕ ಶಿಕ್ಷಕರನ್ನು ರೂಪಿಸಿದೆ. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. 1950ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಅಸ್ತಿತ್ವಕ್ಕೆ ಬಂದಿತು.

ಆಟವನ್ನು ಕಂಡುಹಿಡಿದ ನೈಸ್ಮಿತ್ ಅವರು 1898ರಲ್ಲಿ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯವನ್ನು ಸೇರಿ 1907ರವರೆಗೆ ಅಲ್ಲಿನ ತಂಡವನ್ನು ನೋಡಿಕೊಂಡರು. ಆ ಅವಧಿಯಲ್ಲಿ ತಂಡ ಗೆದ್ದದ್ದು 55 ಪಂದ್ಯ, ಸೋತದ್ದು 60. ಆಟದ ಜನಕನೇ ಸೋತ ತರಬೇತುದಾರ ಎಂಬುದು ಸ್ವಾರಸ್ಯಕರವಾದ ಸಂಗತಿ. ಅವರ ಕೈಕೆಳಗೆ ಆಡಿದ ಶ್ರೀ ಫಾಗ್ ಆ್ಯಲನ್ ಅವರು ಮುಂದೆ ಅದೇ ತಂಡಕ್ಕೆ ದೀರ್ಘಕಾಲ ತರಬೇತುದಾರರಾದರು. ಆ್ಯಲನ್ ಅವರ ಶಿಷ್ಯರಲ್ಲಿ ಒಬ್ಬರಾದ ಶ್ರೀ ಡೀನ್ ಸ್ಮಿತ್ ಅವರು ಎರಡು ಮೂರು ಕಡೆ ಸಹಾಯಕರಾಗಿ ದುಡಿದು, 1958ರಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾನಿಲಯವನ್ನು ಸಹಾಯಕರಾಗಿಯೇ ಸೇರಿ, 1961ರಲ್ಲಿ ಮೂವತ್ತರ ವಯಸ್ಸಿನಲ್ಲಿ ಮುಖ್ಯ ತರಬೇತುದಾರರಾದರು. 1997ರಲ್ಲಿ ನಿವೃತ್ತರಾಗುವ ವೇಳೆಗೆ ಅವರ ತಂಡ ಗೆದ್ದ ಪಂದ್ಯಗಳ ಸಂಖ್ಯೆ 879. ಅವರ ಹೆಸರು ಜಗತ್ತಿಗೆಲ್ಲ ತಿಳಿದಿದೆ. ಆದರೆ ಪ್ರಸ್ತುತ ವಿಷಯಕ್ಕೆ ಹೆಚ್ಚು ಸಂಬಂಧಿಸಿದವರು ಅವರ ಪಕ್ಕದಲ್ಲಿ ಕುಳಿತಿದ್ದ ಶ್ರೀ ಬಿಲ್ ಗಥ್ರಿಜ್. 1967ರಲ್ಲಿ ಸಹಾಯಕರಾಗಿ ಬಂದ ಗಥ್ರಿಜ್ ಅವರು ಸಂಪೂರ್ಣ ಮೂವತ್ತು ವರ್ಷ ಸಹಾಯಕರಾಗಿಯೇ ಇದ್ದರು. ಸ್ಮಿತ್ ಅವರ ನಿವೃತ್ತಿಯ ನಂತರ, ಅರವತ್ತರ ವಯಸ್ಸಿನಲ್ಲಿ, ಮುಖ್ಯ ತರಬೇತುದಾರರಾಗಿ ಮೂರೇ ವರ್ಷ ಕೆಲಸ ಮಾಡಿದರು. ಆ ಮೂರರಲ್ಲಿ ಎರಡು ವರ್ಷ ತಂಡವನ್ನು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕರ ಘಟ್ಟಕ್ಕೆ ಒಯ್ದರು. ಮೂವತ್ತು ವರ್ಷ ಎರಡನೆಯ ಸಾಲಿನಲ್ಲಿ ಹೆಸರು ಬರೆಸಿಕೊಂಡದ್ದು ಅವರಿಗೆ ಅವಮಾನವೆನಿಸಲಿಲ್ಲ. ಆ ಸ್ಥಾನಕ್ಕೆ ಅಲ್ಲಿ ಗೌರವವೂ ಇತ್ತು, ವೇತನವೂ ಇತ್ತು.

ಸಹಾಯಕನ ದಿನಚರಿ ಎಂತಹುದು? ಹೊರಗಿನಿಂದ ನೋಡುವವರಿಗೆ ಅವನು ಚೆಂಡನ್ನು ಎತ್ತಿ ಕೊಡುವವನಂತೆ ಕಾಣಿಸಬಹುದು. ವಾಸ್ತವವಾಗಿ ಅಭ್ಯಾಸದ ಬಹುಪಾಲು ಅವನ ಕೈಯಲ್ಲೇ ನಡೆಯುತ್ತದೆ. ಬೆಳಗಿನ ಆರು ಗಂಟೆಗೆ ಅಂಗಳಕ್ಕೆ ಬಂದು ನೆಲ ಒದ್ದೆಯಾಗಿದೆಯೇ, ಬುಟ್ಟಿಯ ಉಂಗುರ ಸಡಿಲವಾಗಿದೆಯೇ ಎಂದು ನೋಡುವುದರಿಂದ ಅವನ ಕೆಲಸ ಆರಂಭ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಗಳ, ನೆಲದಿಂದ 3.05 ಮೀಟರ್ ಎತ್ತರದ ಉಂಗುರ ಎಂಬ ಅಳತೆಗಳು ಫಿಬಾ ನಿಯಮದಂತೆ ಎಲ್ಲೆಡೆ ಒಂದೇ. ಆದರೆ ನಮ್ಮ ಅನೇಕ ಕಾಲೇಜುಗಳಲ್ಲಿ ಅಂಗಳ ಸಿಮೆಂಟಿನದು, ಮೇಲೆ ಸೂರಿಲ್ಲ. ಸಿಮೆಂಟಿನ ನೆಲದಲ್ಲಿ ದಿನವೂ ಜಿಗಿಯುವ ಹುಡುಗರ ಮೊಣಕಾಲು, ಪಾದದ ಕೀಲುಗಳ ನೋವು ಮೊದಲು ಗೊತ್ತಾಗುವುದು ಸಹಾಯಕನಿಗೆ. ಮುಖ್ಯ ತರಬೇತುದಾರರ ಮುಂದೆ ನೋವನ್ನು ಮುಚ್ಚಿಡುವ ಹುಡುಗ, ತಂಡದಿಂದ ಕೈಬಿಟ್ಟಾರೆಂಬ ಭಯದಿಂದ, ಸಹಾಯಕನ ಬಳಿ ಮಾತ್ರ ಬಾಯಿ ಬಿಡುತ್ತಾನೆ. ಅದನ್ನು ಯಾರಿಗೆ ಯಾವಾಗ ಹೇಳಬೇಕೆಂಬ ವಿವೇಚನೆಯೂ ಈ ವೃತ್ತಿಯ ಒಂದು ಭಾಗವೇ ಆಗಿದೆ.

ಅಭ್ಯಾಸದಲ್ಲಿ ಎತ್ತರದ ಆಟಗಾರರನ್ನು ಒಂದು ಬುಟ್ಟಿಯ ಕೆಳಗೆ, ಚೆಂಡನ್ನು ನಡೆಸಿಕೊಂಡು ಹೋಗುವವರನ್ನು ಇನ್ನೊಂದು ಬುಟ್ಟಿಯ ಕೆಳಗೆ ಪ್ರತ್ಯೇಕಿಸಿ ತರಬೇತಿ ನೀಡುವುದು ವಾಡಿಕೆ. ಒಬ್ಬರೇ ತರಬೇತುದಾರರಿದ್ದಲ್ಲಿ ಇದು ಅಸಾಧ್ಯ. ಒಂದು ಗುಂಪು ಕಲಿಯುವಾಗ ಇನ್ನೊಂದು ಗುಂಪು ಸುಮ್ಮನೆ ಚೆಂಡು ಎಸೆಯುತ್ತಾ ತಪ್ಪನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ತಪ್ಪು ಕೈವಾಟದ ಎಸೆತ ಒಮ್ಮೆ ಕೂತುಬಿಟ್ಟರೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತಲೂ ಕಷ್ಟ.

ಪಂದ್ಯದ ದಿನ ಅವನ ಕೈಯಲ್ಲಿ ಅಂಗಳದ ಚಿತ್ರವಿರುವ ಕಾಗದವಿರುತ್ತದೆ. ತನ್ನ ಆಟಗಾರರು ಎಲ್ಲಿಂದ ಎಸೆದರು, ಎಷ್ಟು ಬುಟ್ಟಿಗೆ ಬಿದ್ದವು, ಯಾರು ಎಷ್ಟು ಬಾರಿ ಚೆಂಡನ್ನು ಕಳೆದುಕೊಂಡರು ಎಂಬುದನ್ನೆಲ್ಲ ಅವನು ಗುರುತು ಹಾಕುತ್ತಾ ಹೋಗುತ್ತಾನೆ. ಒಬ್ಬ ಆಟಗಾರನಿಗೆ ಐದು ಫೌಲ್ ಆದರೆ ಅವನು ಹೊರಗೆ; ಹತ್ತು ನಿಮಿಷದ ಒಂದು ಅವಧಿಯಲ್ಲಿ ತಂಡಕ್ಕೆ ನಾಲ್ಕು ಫೌಲ್ ಆದ ಮೇಲೆ ಮುಂದಿನ ಪ್ರತಿಯೊಂದು ರಕ್ಷಣಾ ಫೌಲಿಗೂ ಎದುರಾಳಿಗೆ ಎರಡು ಫ್ರೀ ಥ್ರೋ ದೊರೆಯುತ್ತದೆ. ಈ ಲೆಕ್ಕ ತಪ್ಪಿ ಸೋತ ಪಂದ್ಯಗಳು ಎಷ್ಟೋ. ಪಂದ್ಯಾವಳಿಗಾಗಿ ಪ್ರಯಾಣ ಹೊರಟಾಗ ರೈಲ್ವೆ ಟಿಕೆಟ್, ಗುರುತಿನ ಚೀಟಿ, ಹತ್ತನೆಯ ತರಗತಿಯ ಅಂಕಪಟ್ಟಿ, ಅರ್ಹತಾ ನಮೂನೆ ಇವೆಲ್ಲವುಗಳ ಕಡತವೂ ಅವನದೇ. ಒಂದು ಪ್ರಮಾಣಪತ್ರ ಮರೆತುಹೋದ ಕಾರಣ ಒಳ್ಳೆಯ ಆಟಗಾರನೊಬ್ಬ ಬೆಂಚಿನ ಮೇಲೆ ಕುಳಿತು ಪಂದ್ಯ ನೋಡಬೇಕಾಗಿ ಬಂದರೆ, ಆ ತಪ್ಪಿಗೆ ಎರಡನೆಯ ಅವಕಾಶವಿಲ್ಲ.

ಇಷ್ಟೆಲ್ಲ ಮಾಡುವವನಿಗೆ ಏನು ಕೊಡಬೇಕು ಎಂಬ ಪ್ರಶ್ನೆ ಶ್ರೀಮಂತ ದೇಶಗಳಲ್ಲಿಯೂ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್.ಸಿ.ಎ.ಎ. ಸಂಸ್ಥೆಯು ಖರ್ಚು ಕಡಿಮೆ ಮಾಡುವ ಉದ್ದೇಶದಿಂದ 1991ರಲ್ಲಿ ಒಂದು ನಿಯಮವನ್ನು ಅಂಗೀಕರಿಸಿತು. ಅದರ ಪ್ರಕಾರ ಪ್ರಥಮ ದರ್ಜೆಯ ಪ್ರತಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಒಬ್ಬ ಮುಖ್ಯ ತರಬೇತುದಾರ, ಇಬ್ಬರು ಸಹಾಯಕರು ಮತ್ತು ‘ಸೀಮಿತ ಆದಾಯದ’ ಒಬ್ಬ ತರಬೇತುದಾರ. ಈ ಕೊನೆಯವನ ವಾರ್ಷಿಕ ವರಮಾನವನ್ನು 16,000 ಡಾಲರಿಗೆ ಮಿತಿಗೊಳಿಸಲಾಯಿತು: ಶೈಕ್ಷಣಿಕ ವರ್ಷದಲ್ಲಿ 12,000, ಬೇಸಿಗೆಯಲ್ಲಿ 4,000. ಹೊಸಬರಿಗೆ ಪ್ರವೇಶಾವಕಾಶ ಕಲ್ಪಿಸುವುದಕ್ಕಾಗಿ ಈ ಹುದ್ದೆ ಎಂದು ಸಮರ್ಥನೆ ನೀಡಲಾಯಿತು. ಆದರೆ ಆ ಸ್ಥಾನವನ್ನು ಹೊಸಬರಿಗೇ ಕೊಡಬೇಕೆಂಬ ಕಟ್ಟಳೆ ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ. ಅದಕ್ಕೆ ಮೊದಲು ವರ್ಷಕ್ಕೆ ಅರವತ್ತು, ಎಪ್ಪತ್ತು ಸಾವಿರ ಡಾಲರ್ ಪಡೆಯುತ್ತಿದ್ದ ಅನುಭವಿಗಳೂ ಈ ಮಿತಿಯೊಳಗೆ ಬಿದ್ದರು. ಅವರಲ್ಲಿ ಕೆಲವರು ದಾವೆ ಹೂಡಿದರು. 1995ರಲ್ಲಿ ಕ್ಯಾನ್ಸಾಸಿನ ಫೆಡರಲ್ ನ್ಯಾಯಾಲಯವು ಈ ಮಿತಿ ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿ ಹಿಡಿಯಿತು. 1999ರಲ್ಲಿ 5 ಕೋಟಿ 45 ಲಕ್ಷ ಡಾಲರ್ ಪರಿಹಾರ ನೀಡಿಕೆಯೊಂದಿಗೆ ಪ್ರಕರಣ ಇತ್ಯರ್ಥವಾಯಿತು. ಕಲಿಯುವವನೆಂದು ಹೆಸರಿಟ್ಟು ದುಡಿಯುವವನ ಕೂಲಿಯನ್ನು ಕಡಿಮೆ ಮಾಡುವುದು ನ್ಯಾಯವಲ್ಲ ಎಂಬುದು ಆ ದೀರ್ಘ ವ್ಯಾಜ್ಯದಿಂದ ಸ್ಪಷ್ಟವಾದ ಅಂಶ.

ನಮ್ಮ ದೇಶದ ಸ್ಥಿತಿ ಬೇರೆ. ಇಲ್ಲಿ ವೇತನದ ಮಿತಿಯ ಪ್ರಶ್ನೆ ಏಳುವುದಕ್ಕೆ ಮೊದಲು ಹುದ್ದೆಯೇ ಇರಬೇಕಷ್ಟೆ! ಸಾಮಾನ್ಯ ಪದವಿ ಕಾಲೇಜಿನಲ್ಲಿ ಕ್ರೀಡೆಗೆ ಸಂಬಂಧಿಸಿದಂತೆ ಇರುವ ಮಂಜೂರಾದ ಹುದ್ದೆ ದೈಹಿಕ ಶಿಕ್ಷಣ ನಿರ್ದೇಶಕರದು. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಅಥ್ಲೆಟಿಕ್ಸ್, ಬ್ಯಾಸ್ಕೆಟ್‌ಬಾಲ್ ಎಲ್ಲವೂ ಆ ಒಬ್ಬರ ಹೊಣೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಂತೆ ಈ ಹುದ್ದೆಗೆ ದೈಹಿಕ ಶಿಕ್ಷಣ ಅಥವಾ ಕ್ರೀಡಾ ವಿಜ್ಞಾನದಲ್ಲಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ಸಾಮಾನ್ಯವಾಗಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆ ಮತ್ತು ಅಂತರ ಕಾಲೇಜು, ಅಂತರ ವಿಶ್ವವಿದ್ಯಾನಿಲಯ ಅಥವಾ ರಾಜ್ಯಮಟ್ಟದ ಸ್ಪರ್ಧೆಗಳಲ್ಲಿ ಭಾಗವಹಿಸಿದ ದಾಖಲೆ ಬೇಕು. ದೇಹದಾರ್ಢ್ಯ ಪರೀಕ್ಷೆಯೂ ಉಂಟು: ಮೂವತ್ತರೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್ ಕ್ರಮಿಸಬೇಕು. ಪ್ರಾರಂಭದ ಮೂಲವೇತನ 57,700 ರೂಪಾಯಿ. ಗೌರವಯುತವಾದ ಹುದ್ದೆ, ಸಂದೇಹವಿಲ್ಲ. ಆದರೆ ಇದು ಬ್ಯಾಸ್ಕೆಟ್‌ಬಾಲ್ ತರಬೇತುದಾರನ ಹುದ್ದೆಯಲ್ಲ. ಹತ್ತು ವರ್ಷ ಸಂಜೆ ಸಂಜೆ ಹುಡುಗರನ್ನು ತಯಾರು ಮಾಡಿದ ಅನುಭವಕ್ಕೆ ಇಲ್ಲಿ ಅರ್ಹತೆಯ ಸ್ಥಾನವಿಲ್ಲ.

ತರಬೇತುದಾರನೆಂಬ ಹೆಸರಿನಲ್ಲೇ ಮುಂದುವರಿಯಬೇಕೆನ್ನುವವರಿಗೆ ಪಟಿಯಾಲದ ದಾರಿ ಇದೆ. ಅಲ್ಲಿನ ಮಹಾರಾಜರ ಮೋತಿಬಾಗ್ ಅರಮನೆಯಲ್ಲಿ 1961ರ ಮೇ 7ರಂದು ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಈಗ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎಂಬ ಹೆಸರಿನಿಂದ, 1984ರಲ್ಲಿ ಸ್ಥಾಪಿತವಾದ ಭಾರತೀಯ ಕ್ರೀಡಾ ಪ್ರಾಧಿಕಾರದ ಅಂಗವಾಗಿ ಕೆಲಸ ಮಾಡುತ್ತಿದೆ. ಇದರ ಕ್ರೀಡಾ ತರಬೇತಿ ಡಿಪ್ಲೊಮಾವನ್ನು ಜನ ಸಂಕ್ಷೇಪವಾಗಿ ‘ಎನ್.ಐ.ಎಸ್.’ ಎಂದೇ ಕರೆಯುತ್ತಾರೆ. ‘ಅವರು ಎನ್.ಐ.ಎಸ್. ಮಾಡಿದ್ದಾರೆ’ ಎಂಬ ಮಾತಿಗೆ ಕ್ರೀಡಾವಲಯದಲ್ಲಿ ಇರುವ ತೂಕ ಬೇರಾವುದಕ್ಕೂ ಇಲ್ಲ. ಅಂಗರಚನೆ, ಶರೀರಕ್ರಿಯೆ, ಕ್ರೀಡಾ ಮನೋವಿಜ್ಞಾನ, ತರಬೇತಿಯ ಯೋಜನೆ ಇವುಗಳ ಜೊತೆಗೆ ಆಯ್ದ ಆಟದ ಪ್ರಾಯೋಗಿಕ ಪಾಠಗಳು ಇದರಲ್ಲಿ ಸೇರಿವೆ. ಪ್ರವೇಶಕ್ಕೆ ಪದವಿಯೊಂದಿಗೆ ಆಡಿದ ದಾಖಲೆಯೂ ಅಗತ್ಯ. ಡಿಪ್ಲೊಮಾಕ್ಕೆ ಒಂದು ವರ್ಷ ಬಿಡುವು ಮಾಡಿಕೊಳ್ಳಲಾರದವರಿಗೆ ಆರು ವಾರಗಳ ಪ್ರಮಾಣಪತ್ರ ಶಿಬಿರವಿದೆ. ಆದರೆ ಎರಡೂ ಒಂದೇ ಎಂದು ಭಾವಿಸಿ ಮೋಸಹೋಗಬಾರದು. ಆರು ವಾರಗಳ ಪ್ರಮಾಣಪತ್ರ ಜ್ಞಾನಕ್ಕೆ ಸಹಾಯಕ. ನೇಮಕಾತಿಯ ಪ್ರಕಟಣೆಗಳಲ್ಲಿ ಕೇಳುವುದು ಡಿಪ್ಲೊಮಾವನ್ನು.

ಕ್ರೀಡಾ ಪ್ರಾಧಿಕಾರದಲ್ಲಿ ‘ಸಹಾಯಕ ತರಬೇತುದಾರ’ ಎಂಬ ಹುದ್ದೆ ಹೆಸರಿನೊಂದಿಗೇ ಇದೆ. 2021ರಲ್ಲಿ ಪ್ರಾಧಿಕಾರವು 100 ತರಬೇತುದಾರರು ಹಾಗೂ 220 ಸಹಾಯಕ ತರಬೇತುದಾರರ ಸ್ಥಾನಗಳಿಗೆ ಅರ್ಜಿ ಆಹ್ವಾನಿಸಿತ್ತು. ಎಲ್ಲ ಆಟಗಳಿಗೂ ಸೇರಿ ಈ ಸಂಖ್ಯೆ. ಅದರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಪಾಲು ಎಷ್ಟು ಚಿಕ್ಕದಿದ್ದೀತೆಂದು ಊಹಿಸಬಹುದು. ಸಹಾಯಕರಿಗೆ ಮಾಸಿಕ 41,420 ರೂಪಾಯಿಗಳಿಂದ ಆರಂಭವಾಗುವ ಸಂಭಾವನೆ, ನಾಲ್ಕು ವರ್ಷಗಳ ಗುತ್ತಿಗೆ. ಗುತ್ತಿಗೆ ಎಂಬ ಪದವನ್ನು ಅರ್ಜಿದಾರನ ಮನೆಯವರು ಎರಡು ಬಾರಿ ಓದಿಕೊಳ್ಳುವುದು ಸಹಜ.

ಗುಜರಾತಿನಲ್ಲಿ 2023ರಲ್ಲಿ ಶಾಲೆಗಳಿಗಾಗಿ ‘ಖೇಲ್ ಸಹಾಯಕ್’ ಎಂಬ ಯೋಜನೆ ಜಾರಿಗೆ ಬಂದಿತು. ಕ್ರೀಡಾ ಅಭಿರುಚಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಮಾಸಿಕ 21,000 ರೂಪಾಯಿ ಗೌರವಧನ, ಅವಧಿ ಹನ್ನೊಂದು ತಿಂಗಳು. ಆ ರಾಜ್ಯದಲ್ಲಿ 2010ರಿಂದ ‘ಖೇಲ್ ಮಹಾಕುಂಭ’ ಎಂಬ ಬೃಹತ್ ಕ್ರೀಡಾಕೂಟ ನಡೆಯುತ್ತಾ ಬಂದಿದೆ. 2011ರಲ್ಲಿ ಕ್ರೀಡಾ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಈಗ ವಡೋದರಾ ಜಿಲ್ಲೆಯ ದೇಸರ್‌ನಲ್ಲಿ ನಡೆಯುತ್ತಿದೆ. 2022ರ ರಾಷ್ಟ್ರೀಯ ಕ್ರೀಡಾಕೂಟದ ಆತಿಥ್ಯ ವಹಿಸಿದ ರಾಜ್ಯ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಭಾವನಗರದಲ್ಲಿ, ಟೇಬಲ್ ಟೆನಿಸ್ ಮತ್ತು ಬ್ಯಾಡ್ಮಿಂಟನ್‌ಗಳನ್ನು ಸೂರತ್‌ನಲ್ಲಿ ಏರ್ಪಡಿಸಿತ್ತು. ಆಡುವವರಿಗೆ ಅವಕಾಶ ಹೆಚ್ಚಿದೆ ಎಂಬುದು ನಿರ್ವಿವಾದ. ಆದರೆ ದೈಹಿಕ ಶಿಕ್ಷಣ ಪದವೀಧರರು ಹನ್ನೊಂದು ತಿಂಗಳ ಈ ವ್ಯವಸ್ಥೆಯನ್ನು ಪ್ರತಿಭಟಿಸಿ ಕಾಯಂ ನೇಮಕಾತಿಗೆ ಬೇಡಿಕೆ ಇಟ್ಟರು. ಅವರ ಬೇಡಿಕೆ ಅನುಚಿತವೆನ್ನಲಾಗದು. ಎತ್ತರದ ಹುಡುಗನೊಬ್ಬನನ್ನು ಗುರುತಿಸಿ ಆಟಗಾರನನ್ನಾಗಿ ಮಾಡುವುದಕ್ಕೆ ನಾಲ್ಕೈದು ವರ್ಷ ಬೇಕು. ಹನ್ನೊಂದು ತಿಂಗಳಿಗೆ ಬಂದವನು ಅವನ ಎರಡನೆಯ ವರ್ಷವನ್ನೂ ನೋಡಲಾರ.

ಕರ್ನಾಟಕದಲ್ಲಿ ಇನ್ನೊಂದು ದಾರಿ ಬಹುಕಾಲದಿಂದ ಬಳಕೆಯಲ್ಲಿದೆ. ಬೆಂಗಳೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ಬೆಳೆದದ್ದು ಕಾಲೇಜುಗಳಿಗಿಂತ ಹೆಚ್ಚಾಗಿ ಬೀಗಲ್ಸ್ ಮೊದಲಾದ ಬಡಾವಣೆಯ ಕ್ಲಬ್ಬುಗಳಲ್ಲಿ. ಅಲ್ಲಿ ಆಡಿ ಹೆಸರು ಮಾಡಿದವರು ಕ್ರೀಡಾ ಕೋಟಾದಲ್ಲಿ ಬ್ಯಾಂಕು, ರೈಲ್ವೆಗಳಲ್ಲಿ ಕೆಲಸಕ್ಕೆ ಸೇರಿ, ಹಗಲು ಕಚೇರಿ, ಸಂಜೆ ಅಂಗಳ ಎಂದು ಬದುಕಿದರು. ಕ್ಲಬ್ಬಿನ ಹುಡುಗರಿಗೂ ನೆರೆಯ ಕಾಲೇಜಿನ ತಂಡಗಳಿಗೂ ಸಹಾಯಕ ತರಬೇತುದಾರರಾಗಿ ದೊರೆತವರು ಹೆಚ್ಚಾಗಿ ಇವರೇ. ಮನೆಯ ಖರ್ಚು ಬ್ಯಾಂಕಿನಿಂದ ನಡೆಯುತ್ತಿದ್ದುದರಿಂದ ತರಬೇತಿಗೆ ಸಂಬಳ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಬಲಿಷ್ಠ ಬ್ಯಾಸ್ಕೆಟ್‌ಬಾಲ್ ತಂಡವನ್ನು ಹೊಂದಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು ಹೀಗೆ 1908ರಲ್ಲಿ ವಡೋದರಾದಲ್ಲಿ ಹುಟ್ಟಿದ ಬ್ಯಾಂಕಿನೊಳಗೆ ಸೇರಿಹೋಯಿತು. ಕ್ರೀಡಾ ಕೋಟಾದ ಕೆಲಸದ ನೆರಳಿನಲ್ಲಿ ನಡೆಯುತ್ತಿದ್ದ ಈ ಉಚಿತ ತರಬೇತಿಯ ಪದ್ಧತಿ ಎಷ್ಟೇ ಶ್ಲಾಘನೀಯವಾದರೂ ಅದನ್ನು ನೆಚ್ಚಿ ವೃತ್ತಿಯೊಂದನ್ನು ಕಟ್ಟುವಂತಿಲ್ಲ.

ಸಹಾಯಕನಾಗಿ ಪಳಗಿದವನ ಬೆಲೆ ಏನೆಂಬುದನ್ನು ಭಾರತ ತಂಡವೇ ಕಂಡಿದೆ. 2011ರಲ್ಲಿ ಭಾರತದ ಪುರುಷರ ತಂಡಕ್ಕೆ ತರಬೇತುದಾರರಾಗಿ ಬಂದ ಅಮೆರಿಕದ ಶ್ರೀ ಕೆನ್ನಿ ನ್ಯಾಟ್ ಅವರು ಅದಕ್ಕೆ ಮೊದಲು ಅಲ್ಲಿನ ವೃತ್ತಿಪರ ತಂಡಗಳಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಹಾಯಕರಾಗಿದ್ದವರು. ಅವರ ನಂತರ ಬಂದ ಶ್ರೀ ಸ್ಕಾಟ್ ಫ್ಲೆಮಿಂಗ್ ಅವರು ಕಾಲೇಜು ತಂಡದ ಮುಖ್ಯ ತರಬೇತುದಾರರಾಗಿದ್ದು, ಆಮೇಲೆ ವೃತ್ತಿಪರ ತಂಡವೊಂದರ ಸಹಾಯಕ ಸ್ಥಾನಕ್ಕೆ ಹೋಗಿದ್ದವರು. ಮೇಲಿನಿಂದ ಕೆಳಕ್ಕೆ ಇಳಿದಂತೆ ನಮಗೆ ಕಾಣುವ ಆ ಹೆಜ್ಜೆ ಅಲ್ಲಿ ಕಲಿಕೆಯ ಹೆಜ್ಜೆ. ಅವರ ಅವಧಿಯಲ್ಲಿ, 2014ರ ಜುಲೈನಲ್ಲಿ, ಚೀನದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಭಾರತ ಆತಿಥೇಯ ಚೀನವನ್ನು 65–58ರಿಂದ ಸೋಲಿಸಿತು. ಮೂರು ವರ್ಷಗಳ ನಂತರ, 2017ರ ಜುಲೈನಲ್ಲಿ, ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಮಣಿಸಿ ಏಷ್ಯಾ ಕಪ್‌ನ ಮೇಲಿನ ವಿಭಾಗಕ್ಕೆ ಬಡ್ತಿ ಪಡೆದರು. ಆಗಲೂ ಮುಖ್ಯ ತರಬೇತುದಾರರು ಸರ್ಬಿಯಾ ದೇಶದವರು. ಹೊರದೇಶದಿಂದ ಪದೇ ಪದೇ ತರಬೇತುದಾರರನ್ನು ಕರೆಸಬೇಕಾಗಿ ಬಂದುದಕ್ಕೆ ಕಾರಣಗಳು ಹಲವಿರಬಹುದು. ಅಲ್ಲಿಯಂತೆ ಹತ್ತು ಹದಿನೈದು ವರ್ಷ ಸಹಾಯಕರಾಗಿಯೇ ದುಡಿದು ಪಕ್ವವಾಗುವ ಸೌಕರ್ಯ ನಮ್ಮವರಿಗೆ ದೊರೆಯದಿರುವುದು ಅವುಗಳಲ್ಲಿ ಪ್ರಧಾನವಾದುದು.

ಮಹಿಳೆಯರಿಗೆ ಈ ಕ್ಷೇತ್ರದಲ್ಲಿ ಈಗ ಹೊಸದೊಂದು ಬಾಗಿಲು ತೆರೆದಿದೆ. 2022ರ ಜೂನ್‌ನಲ್ಲಿ ಕ್ರೀಡಾ ಪ್ರಾಧಿಕಾರವು, ಮಹಿಳಾ ಕ್ರೀಡಾಪಟುಗಳಿರುವ ತಂಡ ದೇಶದೊಳಗೆ ಅಥವಾ ಹೊರದೇಶಕ್ಕೆ ಪ್ರಯಾಣ ಮಾಡುವಾಗ ಮಹಿಳಾ ತರಬೇತುದಾರರೊಬ್ಬರು ಜೊತೆಗಿರಲೇಬೇಕೆಂದು ರಾಷ್ಟ್ರೀಯ ಫೆಡರೇಷನ್‌ಗಳಿಗೆ ಸೂಚಿಸಿತು. ಕಾಲೇಜು ತಂಡದಲ್ಲಿ ಆಡಿದ ಯುವತಿ ಮದುವೆಯೊಡನೆ ಅಂಗಳವನ್ನು ಮರೆಯುವುದೇ ವಾಡಿಕೆಯಾಗಿದ್ದ ನಮ್ಮಲ್ಲಿ ಇದು ಸಣ್ಣ ಬದಲಾವಣೆಯೇನಲ್ಲ. ಕಾಲೇಜುಗಳು ಇದೇ ಕ್ರಮವನ್ನು ಅನುಸರಿಸಿದರೆ ವಿದ್ಯಾರ್ಥಿನಿಯರ ತಂಡಕ್ಕೆ ಸಹಾಯಕಿಯೊಬ್ಬಳು ಅನಿವಾರ್ಯವಾಗುತ್ತಾಳೆ. ಮಗಳನ್ನು ಪರಸ್ಥಳದ ಪಂದ್ಯಕ್ಕೆ ಕಳುಹಿಸಲು ಹಿಂಜರಿಯುವ ಪೋಷಕರಿಗೂ ಧೈರ್ಯ ಬರುತ್ತದೆ.

ಇನ್ನು ಕತಾರ್‌ಗಾಮ್‌ನ ಆ ಯುವಕನ ಮಾತು. ಪದವಿ ಮುಗಿದಾಗ ಅವನಿಗೆ ಇಪ್ಪತ್ತೊಂದು. ದೈಹಿಕ ಶಿಕ್ಷಣದ ಬಿ.ಪಿ.ಇಡಿ., ಎಂ.ಪಿ.ಇಡಿ. ಪದವಿಗಳಿಗೆ ನಾಲ್ಕು ವರ್ಷ, ಪಟಿಯಾಲಕ್ಕೆ ಒಂದು ವರ್ಷ ಸೇರಿದರೆ ಇಪ್ಪತ್ತಾರು. ಅಷ್ಟರೊಳಗೆ ಅವನ ಜೊತೆಯವರು ಘಂಟಿಯ ಬಳಿ ಕುಳಿತು ನಾಲ್ಕು ಕಾಸು ಸಂಪಾದಿಸಿ, ಮನೆಗೆ ಆಧಾರವಾಗಿರುತ್ತಾರೆ. ಮನೆಯವರ ಒತ್ತಾಯ ಆ ಹೊತ್ತಿಗೆ ತೀವ್ರವಾಗುತ್ತದೆ. ಎಷ್ಟೋ ಪ್ರತಿಭಾವಂತರು ಅಂಗಳ ಬಿಟ್ಟು ಹೋಗುವುದು ಈ ಇಪ್ಪತ್ತೊಂದರಿಂದ ಮೂವತ್ತರೊಳಗಿನ ಅವಧಿಯಲ್ಲೇ. ಆದ್ದರಿಂದ ಎರಡೂ ದಾರಿಗಳನ್ನು ತೆರೆದಿಟ್ಟುಕೊಳ್ಳುವುದು ವಿವೇಕ. ಎಂ.ಪಿ.ಇಡಿ. ಮತ್ತು ರಾಷ್ಟ್ರೀಯ ಅರ್ಹತಾ ಪರೀಕ್ಷೆ ಕಾಲೇಜಿನ ಕಾಯಂ ಹುದ್ದೆಗೆ. ಡಿಪ್ಲೊಮಾ ಪ್ರಾಧಿಕಾರದ ಅಥವಾ ರಾಜ್ಯ ಕ್ರೀಡಾ ಇಲಾಖೆಯ ಹುದ್ದೆಗೆ. ಒಂದನ್ನೇ ಹಿಡಿದವನು ಆ ವರ್ಷ ಪ್ರಕಟಣೆ ಹೊರಡದಿದ್ದರೆ ಬರಿಗೈಯಲ್ಲಿ ಉಳಿಯುತ್ತಾನೆ.

ಅದಕ್ಕಿಂತಲೂ ಮೊದಲು ಅವನು ಮಾಡಬೇಕಾದ ಕೆಲಸವೊಂದಿದೆ. ಆಡಿದ ಪ್ರತಿಯೊಂದು ಪಂದ್ಯಾವಳಿಯ ಪ್ರಮಾಣಪತ್ರವನ್ನು, ವರ್ಷ, ಸ್ಥಳ, ಗಳಿಸಿದ ಸ್ಥಾನ ಸ್ಪಷ್ಟವಾಗಿರುವಂತೆ, ವಿಶ್ವವಿದ್ಯಾನಿಲಯದ ಕ್ರೀಡಾ ವಿಭಾಗದ ಮೊಹರಿನೊಂದಿಗೆ ಪಡೆದಿಟ್ಟುಕೊಳ್ಳಬೇಕು. ತಂಡದಿಂದ ಹೊರಬಿದ್ದು ಐದು ವರ್ಷಗಳ ನಂತರ ಅದನ್ನು ಹುಡುಕಿ ಹೊರಟರೆ ಕಡತವೂ ಸಿಗದು, ಗುರುತಿಸುವವರೂ ಸಿಗರು. ಹಾಗೆಯೇ, ಸಂಜೆ ಬಂದು ಕಲಿಸು ಎಂದು ಕಾಲೇಜು ಕೇಳಿದಾಗ, ಗೌರವಧನ ಇರಲಿ ಬಿಡಲಿ, ಪ್ರಾಂಶುಪಾಲರ ಸಹಿಯುಳ್ಳ ಒಂದು ಪತ್ರವನ್ನು ಕೇಳುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ. ಇಂತಹ ದಿನಾಂಕದಿಂದ ಇಂತಹ ದಿನಾಂಕದವರೆಗೆ, ಇಂತಹ ತಂಡಕ್ಕೆ, ಸಹಾಯಕ ತರಬೇತುದಾರನಾಗಿ ಎಂಬ ಮೂರು ಮಾತುಗಳು ಅದರಲ್ಲಿದ್ದರೆ ಸಾಕು.

ಕಾಲೇಜುಗಳ ಕಡೆಯಿಂದಲೂ ಆಗಬೇಕಾದದ್ದು ಅಸಾಧ್ಯವಾದುದೇನಲ್ಲ. ಹೊಸ ಹುದ್ದೆಯ ಮಂಜೂರಾತಿಗೆ ಕಾಯಬೇಕಾಗಿಲ್ಲ. ವಿದ್ಯಾರ್ಥಿಗಳಿಂದ ಪ್ರತಿವರ್ಷ ಸಂಗ್ರಹಿಸುವ ಕ್ರೀಡಾ ಶುಲ್ಕದ ಅಲ್ಪಭಾಗವನ್ನು, ಸಮವಸ್ತ್ರ ಮತ್ತು ಬಹುಮಾನ ಫಲಕಗಳ ಖರ್ಚಿನಂತೆಯೇ, ಪಂದ್ಯಾವಳಿಯ ಋತುವಿಗೆ ಸೀಮಿತವಾದ ಸಹಾಯಕನ ಗೌರವಧನಕ್ಕೆ ಮೀಸಲಿಡಬಹುದು. ತಂಡದ ಪ್ರಯಾಣಭತ್ಯೆಯ ಪಟ್ಟಿಯಲ್ಲಿ ಅವನ ಹೆಸರನ್ನು ಸೇರಿಸಬಹುದು. ಈಗ ಅನೇಕ ಕಡೆ ಅವನು ಸ್ವಂತ ಹಣದಿಂದ ಟಿಕೆಟ್ ಕೊಂಡು ತಂಡದ ಹಿಂದೆ ಹೋಗುತ್ತಾನೆ. ಮತ್ತು ಪಂದ್ಯಕ್ಕೆ 40 ನಿಮಿಷ ಮೊದಲು ಪಟ್ಟಿಯನ್ನು ಅಂಕಲೇಖಕರ ಕೈಗೆ ಕೊಡುವಾಗ, ಆ ಎರಡನೆಯ ಸಾಲಿನಲ್ಲಿ ಅವನ ಹೆಸರನ್ನು ಬರೆಯಬಹುದು. ಅದಕ್ಕೆ ಯಾವ ಖರ್ಚೂ ಇಲ್ಲ.